ಪರೀಕ್ಷಕರ ರೋಗಿವೇಷ

ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಕೂದಲನ್ನು ಕೈಯಿಂದಲೇ ಕೆದರಿಕೊಂಡು ಪ್ರೊಫೆಸರು ಕನ್ನಡಿಯಲ್ಲಿ ನೋಡಿಕೊಂಡರು. ರೋಗಿಯ ಕಳೆ ಬಂದಿತ್ತು. ನಿಜ ಹೇಳಬೇಕೆಂದರೆ, ಗುಂಡಿ ಬಿಚ್ಚುವ ಮೊದಲೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಮಾನಸಿಕ ಚಿಕಿತ್ಸಕರಾಗಲು ತರಬೇತಿ ಪಡೆಯುತ್ತಿದ್ದವರ ಕೊನೆಯ ಪ್ರಾಯೋಗಿಕ ಪರೀಕ್ಷೆ ಅದು. ವರ್ಷಗಟ್ಟಲೆ ಮನಸ್ಸಿನ ತೊಡಕುಗಳಲ್ಲಿ ಸಿಕ್ಕಿಕೊಂಡು, ಯಾರನ್ನೂ ನಂಬದೆ, ಕಂಡ ಚಿಕಿತ್ಸಕರನ್ನೆಲ್ಲ ಅರ್ಧಕ್ಕೇ ಬಿಟ್ಟುಬಂದ ರೋಗಿಯೊಬ್ಬ ಎದುರು ಕೂತರೆ ಅಭ್ಯರ್ಥಿ ಹೇಗೆ ಮಾತಾಡಿಸುತ್ತಾನೆ ಎಂದು ನೋಡಬೇಕು. ರೋಗಿಯ ಪಾತ್ರಕ್ಕೆ ನಾಟಕ ತಂಡದ ಕಲಾವಿದರು ಬರುತ್ತಾರೆ. ಪ್ರೊಫೆಸರು ಬೇರೆ ಕಾಲೇಜಿನ ಪರೀಕ್ಷಕರು. ಇಲ್ಲಿಯ ಅಭ್ಯರ್ಥಿಗಳ ಮುಖಪರಿಚಯ ಅವರಿಗಿಲ್ಲ, ಇರಬಾರದೆಂಬುದೇ ನಿಯಮ.

ಬೆಳಿಗ್ಗೆ ವಿಭಾಗದ ಮುಖ್ಯಸ್ಥೆ ಕೈಕೈ ಹಿಸುಕಿಕೊಳ್ಳುತ್ತ ಬಂದಿದ್ದರು.

“ಸಾರ್, ರೋಗಿ ಪಾತ್ರದೋರು ಕಾಲು ಉಳುಕಿಸ್ಕೊಂಡಿದ್ದಾರಂತೆ. ಬದಲಿ ಸಿಗೋದು ಕಷ್ಟ ಅಂತಿದ್ದಾರೆ.”

“ಅದಕ್ಯಾಕಮ್ಮ ಚಿಂತೆ? ನಾನೇ ರೋಗಿ ಆಗ್ತೀನಿ.”

“ನೀವಾ?”

“ಇಷ್ಟು ವರ್ಷದಿಂದ ರೋಗಿಗಳನ್ನೇ ನೋಡ್ತಿದ್ದೀನಿ. ಅಷ್ಟೂ ಬರಲ್ವಾ?”

ಈ ಕಸುಬನ್ನು ರೋಗಿಯ ಜಾಗದಲ್ಲಿ ಕೂತೇ ಅಳೆಯಬೇಕು ಎಂದು ಅವರು ಒಂದು ಭಾಷಣವನ್ನೂ ಬಿಗಿದರು. ಭಾಷಣದಲ್ಲಿ ಅವರದು ಎತ್ತಿದ ಕೈ. ಬೇರೆಯವರ ಮಾತನ್ನು ಕಿವಿಗೊಟ್ಟು ಕೇಳುವುದು ಹೇಗೆಂದು ಕಲಿಸುವುದು ಅವರ ವೃತ್ತಿ. ಅದನ್ನೂ ಅವರು ಬಿಡುವಿಲ್ಲದೆ ಮಾತಾಡಿಯೇ ಕಲಿಸುತ್ತಿದ್ದರು.

ಪರೀಕ್ಷೆಯ ಕೋಣೆಯ ಹೊರಗೆ ಟೈ ಕಟ್ಟಿದ ಯುವಕನೊಬ್ಬ ಬೆವರುತ್ತ ನಿಂತಿದ್ದ. “ಒಳಗೆ ಬರ್ಲಾ ಸಾರ್?”

ಅರೆತೆರೆದ ಬಾಗಿಲಿನಿಂದ ಪ್ರೊಫೆಸರು ಇಣುಕಿದರು. ಒಳಗೆ ಹೆಂಗಸೊಬ್ಬಳು ಆಗಲೇ ಕೂತಿದ್ದಳು. “ನಿಮ್ಮ ಸರದಿ ಬಂದಾಗ ಕರೀತಾರಪ್ಪ, ಕೂತ್ಕೊಳ್ಳಿ” ಎಂದು ಬಾಗಿಲು ಹಾಕಿಕೊಂಡರು.

ಎದುರುಬದುರು ಎರಡು ಕುರ್ಚಿ, ನಡುವೆ ಸಣ್ಣ ಮೇಜು, ಅದರ ಮೇಲೆ ಟಿಶ್ಯೂ ಡಬ್ಬ. ಹೆಂಗಸಿಗೆ ಮೂವತ್ತೈದರ ಆಸುಪಾಸು. ಮಕ್ಕಳು ಒಂದು ಹಂತಕ್ಕೆ ಬಂದ ಮೇಲೆ ಓದಲು ಸೇರಿದವಳಿರಬೇಕು. ಕೈಗಳು ತೊಡೆಯ ಮೇಲೆ, ನೋಟ ನೆಲದ ಮೇಲೆ. ನಮಸ್ಕಾರವಿಲ್ಲ, ನಗುವಿಲ್ಲ. ಪ್ರೊಫೆಸರು ಧೊಪ್ಪನೆ ಕೂತರು. ಅವಳು ಮಾತಾಡಲಿಲ್ಲ.

ಪ್ರೊಫೆಸರಿಗೆ ಒಳಗೊಳಗೇ ಖುಷಿಯಾಯಿತು. ಮೌನವನ್ನು ತಾಳಿಕೊಳ್ಳಿ ಎಂದು ತರಗತಿಯಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಯಾರೂ ತಾಳುತ್ತಿರಲಿಲ್ಲ. ಕೂಗುತ್ತಿದ್ದವರಂತೂ ತಾಳಿದವರೇ ಅಲ್ಲ. ಈಗಲೂ ತಾಳಲಿಲ್ಲ.

“ಏನೂ ಕೇಳಲ್ವಾ ನೀವು?” ಎಂದು ಗುರುಗುಟ್ಟಿದರು.

ಅವಳು ನಿಧಾನಕ್ಕೆ ಕಣ್ಣೆತ್ತಿದಳು. “ನೀವೇ ಕೇಳ್ತೀರ ಅಂದ್ಕೊಂಡಿದ್ದೆ.”

ಭಲೆ! ಬಂದ ಕ್ಷಣವೇ ಲಗಾಮನ್ನು ರೋಗಿಯ ಕೈಗೆ ಕೊಟ್ಟಳಲ್ಲ!

“ನಿಮ್ಮಂಥೋರನ್ನ ಬೇಕಾದಷ್ಟು ನೋಡಿದ್ದೀನಿ. ಯಾರ ಮೇಲೂ ನಂಬಿಕೆ ಇಲ್ಲ ನಂಗೆ.”

“ನಂಗೂ ಇಲ್ಲ.”

ಅಷ್ಟೇ. ಸಮಾಧಾನವಿಲ್ಲ, ಉಪದೇಶವಿಲ್ಲ. ಮುಂದೆ ರೇಗಬೇಕು, ಮೇಜು ಗುದ್ದಬೇಕು ಎಂದೆಲ್ಲ ಪ್ರೊಫೆಸರು ಲೆಕ್ಕ ಹಾಕಿ ಬಂದಿದ್ದರು. ಬಾಯಿಂದ ಬಂದದ್ದೇ ಬೇರೆ.

“ಸಂಜೆ ಮನೆ ಮುಂದೆ ಕಾರ್ ನಿಲ್ಲಿಸ್ತೀನಿ. ಇಳಿಯೋಕಾಗಲ್ಲ. ಗಾಜು ಏರಿಸ್ಕೊಂಡು ಕೂತೇ ಇರ್ತೀನಿ.”

ಹೇಳಿದ ಮೇಲೆ ಅವರೇ ಬೆಚ್ಚಿದರು. ಇದು ಪಾತ್ರದ ಮಾತಾಗಿರಲಿಲ್ಲ.

“ನಂಗೂ ಹಾಗೇ,” ಎಂದಳು ಅವಳು. “ಬಾಗಿಲ ತನಕ ಹೋಗ್ತೀನಿ. ಬೆಲ್ ಒತ್ತೋಕೆ ಕೈ ಏಳಲ್ಲ.”

ಚಿಕಿತ್ಸಕರು ತಮ್ಮ ನೋವನ್ನು ರೋಗಿಯ ಮುಂದೆ ಹರಡಬಾರದು. ಈ ತಪ್ಪಿಗಾಗಿ ಪ್ರೊಫೆಸರು ಎಷ್ಟೋ ಜನರನ್ನು ನಿರ್ದಾಕ್ಷಿಣ್ಯವಾಗಿ ಫೇಲ್ ಮಾಡಿದ್ದರು. ಆದರೆ ಅವಳ ಆ ಮಾತು ನೇರ ಎದೆಗೇ ಬಂದು ತಾಗಿತು.

“ಮನೇಲಿ ಜಗಳ ಏನಿಲ್ಲ,” ಎಂದರು. “ಬಾಗಿಲು ತೆಗೆದ ಕೂಡ್ಲೆ ನನ್ನ ಹೆಂಡ್ತಿ ‘ಇವತ್ತು ಹೇಗಿತ್ತು’ ಅಂತಾಳೆ. ಅಮ್ಮ ಹೋದ್ಮೇಲೆ ಅದಕ್ಕೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಚೆನ್ನಾಗಿತ್ತು ಅಂತೀನಿ. ದಿನಾ ಅದನ್ನೇ ಹೇಳ್ತೀನಿ. ಅಮ್ಮ ಹೋದ ಮರುವಾರಾನೇ ಕ್ಲಾಸ್ ತಗೊಂಡೆ. ಪಾಠ ಯಾವ್ದು ಗೊತ್ತಾ? ದುಃಖ ಅದುಮಿಟ್ಕೋಬಾರ್ದು ಅನ್ನೋದು. ಎಲ್ರೂ ಚಪ್ಪಾಳೆ ಹೊಡೆದ್ರು.”

ಅವಳು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು. “ಅಮ್ಮನಿಗೋಸ್ಕರ ಅತ್ತಿದ್ದೀರಾ?”

ಪ್ರೊಫೆಸರು ಉತ್ತರ ಕೊಡಲು ಬಾಯಿ ತೆರೆದರು. ಉತ್ತರದ ಬದಲು ಅಳು ಬಂತು. ಕಲಾವಿದರು ಅಳುವ ಚಂದದ ಅಳುವಲ್ಲ. ಬಿಕ್ಕಳಿಕೆ, ಮೂಗಿನ ಸೊರಸೊರ, ಕೆಮ್ಮು ಎಲ್ಲ ಕಲಸಿಹೋದ ಅಳು. ಅವಳ ಕಣ್ಣೂ ತುಂಬಿತು. ಡಬ್ಬವನ್ನು ಅವರತ್ತ ಸರಿಸಿದಳು.

ಸಮಯ ಮುಗಿದ ಗಂಟೆ ಹೊಡೆಯಿತು. ಪ್ರೊಫೆಸರು ಎದ್ದು ಕಿಟಕಿಯ ಬಳಿ ಹೋಗಿ ಹೆಂಡತಿಗೆ ಫೋನು ಮಾಡಿದರು.

“ಇವತ್ತು ಬಂದ ತಕ್ಷಣ ನಿನ್ನ ಹತ್ರ ಮಾತಾಡ್ಬೇಕು ಕಣೆ.”

“ಅಂತೂ ಕಾರಿಂದ ಇಳೀತೀರಾ?” ಎಂದಿತು ಆ ಕಡೆಯ ದನಿ. “ಮೇಲಿನ ಕಿಟಕೀಲಿ ನಿಂತು ನಿಂತು ನನ್ನ ಕಾಲು ಬಿದ್ದೋಗ್ತಿತ್ತು.”

ಮನಸ್ಸನ್ನು ಓದುವ ಪಂಡಿತರು ಫೋನು ಹಿಡಿದು ಪೆಚ್ಚಾಗಿ ನಕ್ಕರು. ಎದೆ ಹೂವಿನಂತೆ ಹಗುರಾಗಿತ್ತು. ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಪರೀಕ್ಷಕರ ಗತ್ತಿನಲ್ಲಿ ಅವಳತ್ತ ತಿರುಗಿದರು.

“ನಾನು ರೋಗಿ ಅಲ್ಲಮ್ಮ, ಪರೀಕ್ಷಕ. ನನ್ನ ಸರ್ವೀಸಲ್ಲೇ ಇಂಥ ಚಿಕಿತ್ಸಕಿಯನ್ನ ನೋಡಿಲ್ಲ. ನೂರಕ್ಕೆ ನೂರು ಕೊಡ್ತಿದ್ದೀನಿ. ಈ ವಿದ್ಯೆ ಎಲ್ಲಿ ಕಲಿತ್ರಿ?”

ಅವಳು ಗಾಬರಿಯಿಂದ ಎದ್ದು ನಿಂತಳು.

“ಸಾರ್, ರೋಗಿ ನಾನು. ಬದಲಿಗೆ ಅಂತ ನಾಟಕ ತಂಡದೋರು ಕಳಿಸಿದ್ದಾರೆ.”