ಜೋಡಿ ಕಟ್ಟಿದವರು ಯಾರು?

ಮನೆಯಲ್ಲಿ ಫೋನ್ ಹಿಡಿದು ಕೂರುವ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ...

ಮೈಸೂರಿನ ಒಂದು ಹಳೇ ಗರಡಿ. ಅಲ್ಲಿನ ಪೈಲ್ವಾನ್ ಕೆಂಚಪ್ಪ ಎಂದರೆ ಇಡೀ ಬೀದಿಗೇ ಗೌರವ, ಸ್ವಲ್ಪ ಭಯ ಕೂಡ.

ಕುಸ್ತಿಗೆ ಮೊದಲು ಹುಡುಗರಿಗೆ ಜೋಡಿ ಕಟ್ಟುತ್ತಿದ್ದವರು ಅವರೇ. ಎದುರಾಳಿ ಯಾವ ಊರು, ಯಾವ ಗರಡಿ, ಉಸ್ತಾದ್ ಯಾರು... ಎಲ್ಲ ವಿಚಾರಿಸಿ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ವಯಸ್ಸು, ಮೈಕಟ್ಟು ನೋಡಿದ ಮೇಲೇ "ಹ್ಞೂಂ" ಅನ್ನುತ್ತಿದ್ದರು.

ಮುಖ ನೋಡದೆ ಯಾರನ್ನೂ ಮಟ್ಟಿಗೆ, ಅಂದರೆ ಆ ಕೆಮ್ಮಣ್ಣಿನ ಅಖಾಡಕ್ಕೆ, ಇಳಿಸಿದವರಲ್ಲ.

ಅವರ ಒಬ್ಬಳೇ ಮಗಳು ಸಿಂಚನಾ, ಹತ್ತನೇ ಕ್ಲಾಸು. ಗರಡಿಯ ಕಿಟಕಿಗೆ ಮುಖ ಒತ್ತಿಕೊಂಡೇ ಬೆಳೆದವಳು... ಪಟ್ಟುಗಳೆಲ್ಲ ಅವಳಿಗೆ ಬಾಯಿಪಾಠ.

"ಅಪ್ಪಾಜಿ, ನನಗೂ ಕಲಿಸಿ."

"ಹೆಣ್ಮಕ್ಕಳು ಮಟ್ಟಿಗೆ ಇಳಿಯಂಗಿಲ್ಲ ಕಣವ್ವ. ತಾತನ ಕಾಲದ ಪದ್ಧತಿ ಅದು."

ಮಗಳ ಅಳು ನಿಲ್ಲಲಿ ಎಂದು ಒಂದು ಸ್ಮಾರ್ಟ್‌ಫೋನ್ ತಂದುಕೊಟ್ಟರು. ಅಳು ನಿಂತಿತು... ಅವರೂ ನಿಶ್ಚಿಂತರಾದರು.

ಆ ಫೋನಿನಲ್ಲಿ ಸಿಂಚನಾಗೆ ಬೇರೆಯೇ ಅಖಾಡ ಸಿಕ್ಕಿತು. ಗನ್ನು ಹಿಡಿದು ಹೊಡೆದಾಡುವ ಆನ್‌ಲೈನ್ ಗೇಮ್. ನೀನು ಹುಡುಗಿ, ಹೊರಗೆ ನಿಲ್ಲು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಅಲ್ಲಿ ಒಬ್ಬ ಜೊತೆಗಾರನೂ ಸಿಕ್ಕಿದ. ವಯಸ್ಸು ಹತ್ತೊಂಬತ್ತು ಎಂದ. ಅವಳು ಗರಡಿ ಮನೆಯವಳೆಂದು ಗೊತ್ತಾದ ಮರುದಿನವೇ ಗೇಮಿನಲ್ಲಿ ತನ್ನ ಹೆಸರನ್ನು "ಉಸ್ತಾದ್" ಎಂದು ಬದಲಿಸಿಕೊಂಡ.

ಗರಡಿಯಲ್ಲಿ ಹುಟ್ಟಿದ ಮಕ್ಕಳಿಗೆ ಉಸ್ತಾದ್ ಎಂದರೆ ಗುರು, ದೇವರಿಗೆ ಸಮ... ಪಾಪ, ಆ ಹುಡುಗಿ ಅಲ್ಲೇ ಎಡವಿದಳು. ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು.

"ಭಾನುವಾರ ಟೀಮ್ ಸೆಲೆಕ್ಷನ್ ಇದೆ. ರಿಂಗ್ ರೋಡ್ ಹತ್ತಿರ ಬಾ. ಮನೇಲಿ ಹೇಳ್ಬೇಡ, ಕಳಿಸಲ್ಲ ಅವರು."

ಗೆಳತಿ ಆಫ್ರೀನ್ ಒಬ್ಬಳಿಗೆ ಮಾತ್ರ ಲೊಕೇಶನ್ ಕಳಿಸಿ, ಸಿಂಚನಾ ಹೊರಟಳು.

ಅರ್ಧ ಕಟ್ಟಿ ಬಿಟ್ಟಿದ್ದ ಕಟ್ಟಡ. ಟೀಮೂ ಇಲ್ಲ, ಸೆಲೆಕ್ಷನ್ನೂ ಇಲ್ಲ. ಒಂದು ಕಾರು... ಅಪ್ಪನ ವಯಸ್ಸಿನ ಒಬ್ಬ ಗಂಡಸು, ಜೊತೆಗೆ ಇನ್ನೊಬ್ಬ.

"ಬಾ ಶಿಷ್ಯೆ..." ಎಂದು ಅವನು ನಕ್ಕ. ಗೇಮಿನಲ್ಲಿ ದಿನವೂ ಕೇಳುತ್ತಿದ್ದ ಅದೇ ದನಿ!

ಸಿಂಚನಾ ಹಿಂದಕ್ಕೆ ತಿರುಗಿದಳು. ಅಷ್ಟರಲ್ಲಿ ಜಡೆಗೆ ಕೈ ಹಾಕಿ ಎಳೆದ. ಕಿರುಚಿದಳು... ಕಪಾಳಕ್ಕೆ ಬಿದ್ದ ಏಟಿಗೆ ತುಟಿ ಒಡೆದು ಬಾಯೆಲ್ಲ ರಕ್ತವಾಯಿತು.

ಕಿಟಕಿಯಿಂದ ನೋಡಿದ್ದ ಪಟ್ಟು ನೆನಪಾಯಿತು. ಅವನ ಕೈ ಹಿಡಿದು, ಸೊಂಟ ತಿರುಗಿಸಿ ಎತ್ತಿ ಹಾಕಲು ನೋಡಿದಳು. ಆದರೆ ಕಣ್ಣು ಕಲಿತದ್ದನ್ನು ಮೈ ಕಲಿತಿರಲಿಲ್ಲವಲ್ಲ... ತಾನೇ ಜಲ್ಲಿಕಲ್ಲಿನ ಮೇಲೆ ಬಿದ್ದಳು. ಮೊಣಕೈಯ ಚರ್ಮ ಕಿತ್ತುಹೋಯಿತು.

ಹೊಟ್ಟೆಗೆ ಒದ್ದರು. ಕಾಲು ಹಿಡಿದು ಕಾರಿನತ್ತ ದರದರ ಎಳೆದರು. ಅವಳು ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆರಳುಗಳ ಮೇಲೆ ಬೂಟುಗಾಲಲ್ಲಿ ತುಳಿದರು... ಆದರೂ ಬಿಡಲಿಲ್ಲ.

ಆಗ ಕೇಳಿಸಿತು ಬೈಕಿನ ಸದ್ದು.

ಸಿಂಚನಾ ಫೋನ್ ಎತ್ತದಿದ್ದಾಗ ಹೆದರಿದ ಆಫ್ರೀನ್, ಗರಡಿಗೇ ಓಡಿ ಎಲ್ಲ ಹೇಳಿಬಿಟ್ಟಿದ್ದಳು. ಕೆಂಚಪ್ಪ ಮೈಮೇಲಿನ ಕೆಮ್ಮಣ್ಣನ್ನೂ ಒರೆಸಿಕೊಳ್ಳದೆ ಹಾಗೇ ಬಂದಿದ್ದರು.

ಎರಡನೆಯವನು ಕಬ್ಬಿಣದ ರಾಡ್ ಬೀಸಿದ. ಕೆಂಚಪ್ಪನವರ ಬಲಭುಜದ ಮೂಳೆ ಮುರಿದ ಸದ್ದು ಸಿಂಚನಾಗೂ ಕೇಳಿಸಿತು. ಅವರು ಎಡಗೈಯಲ್ಲೇ ಅವನನ್ನು ಗೋಡೆಗೆ ಅಪ್ಪಳಿಸಿದರು. ಅವನು ಪ್ರಜ್ಞೆ ತಪ್ಪಿ ಬಿದ್ದ.

ಆಮೇಲೆ "ಉಸ್ತಾದ್"ನನ್ನು ಕೆಡವಿ, ಎದೆಯ ಮೇಲೆ ಕೂತು ಗಂಟಲಿಗೆ ಕೈ ಹಾಕಿದರು.

"ಯಾವ ಗರಡಿಯೋ ನಿಂದು? ಹೇಳೋ! ಯಾವ ಗರಡಿ?"

ಅವನ ಕಣ್ಣುಗುಡ್ಡೆಗಳು ಮೇಲಾದವು, ಮುಖ ನೀಲಿಗಟ್ಟಿತು... ಅಪ್ಪನ ಕೈ ಸಡಿಲಾಗಲೇ ಇಲ್ಲ.

"ಅಪ್ಪಾಜಿ ಬಿಡಿ! ಸತ್ತೋಗ್ತಾನೆ! ನೀವು ಜೈಲಿಗೆ ಹೋದ್ರೆ ನನಗ್ಯಾರು ಅಪ್ಪಾಜಿ..."

ಆ ಮಾತಿಗೆ ಅವರ ಕೈ ಸಡಿಲಾಯಿತು. ಸುದ್ದಿ ತಿಳಿದು ಬಂದ ಪೊಲೀಸರ ಕೈಗೆ ಆ ಬೇಟೆಗಾರರಿಬ್ಬರೂ ಸಿಕ್ಕರು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು ಒಂದೇ ಮಾತು... "ಈ ಭುಜದಲ್ಲಿ ಇನ್ನು ಕುಸ್ತಿ ಆಗಲ್ಲ ಪೈಲ್ವಾನ್ರೇ."

ಸಿಂಚನಾ ತಲೆ ತಗ್ಗಿಸಿ ನಿಂತಿದ್ದಳು. ಈಗ ಬೈಗುಳ ಬೀಳುತ್ತದೆ, ಹೊಡೆತವೂ ಬೀಳಬಹುದು ಎಂದುಕೊಂಡಳು.

ಅಪ್ಪ ಮೆಲ್ಲಗೆ ಕೇಳಿದರು. "ಯಾಕವ್ವಾ... ಗುರುತಿಲ್ಲ, ಪರಿಚಯ ಇಲ್ಲ, ಅವನನ್ನ ಯಾಕವ್ವಾ ನಂಬ್ದೆ?"

"ಅವನು ನನ್ನ ಒಳಗೆ ಸೇರಿಸ್ಕೊಂಡ ಅಪ್ಪಾಜಿ... ನೀವು ಕಿಟಕಿ ಹೊರಗೇ ನಿಲ್ಸಿದ್ರಿ."

ಎಂಥೆಂಥ ಜಟ್ಟಿಗಳಿಗೆ ಮಣ್ಣು ಮುಕ್ಕಿಸಿದ್ದ ಆ ದೊಡ್ಡ ಮನುಷ್ಯ ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು.

"ಊರ ಮಕ್ಕಳಿಗೆಲ್ಲ ನೋಡಿ ನೋಡಿ ಜೋಡಿ ಕಟ್ಟಿದೆ. ನನ್ನ ಮಗಳು ಯಾರ ಜೊತೆ ಆಡ್ತಾವ್ಳೆ ಅಂತ ಒಂದು ದಿನಾನೂ ಕೇಳ್ಲಿಲ್ವಲ್ಲ ನಾನು..."

ಮಗಳ ಗಾಯ ಮಾಗಿದ ಮೇಲೆ ಒಂದು ಬೆಳಗ್ಗೆ ಗರಡಿಯಲ್ಲಿ ಪೂಜೆ ನಡೆಯಿತು. ಅಪ್ಪನ ಬಲಗೈ ಇನ್ನೂ ಪಟ್ಟಿಯಲ್ಲಿ ನೇತಾಡುತ್ತಿತ್ತು. ಕೆಂಚಪ್ಪ ಎಡಗೈಯಲ್ಲಿ ಮಗಳ ಕೈ ಹಿಡಿದು ಮಟ್ಟಿಗೆ ಇಳಿಸಿದರು.

ಹಿರಿಯರೊಬ್ಬರು ಗೊಣಗಿದರು. "ಪದ್ಧತಿ ಮುರೀತಾ ಇದ್ದೀಯಲ್ಲೋ ಕೆಂಚಪ್ಪ..."

"ಮುರೀಲಿ ಬಿಡಿ ಅಣ್ಣಾ. ನನ್ನ ಮಗಳು ಮುರಿಯೋಕಿಂತ ಅದು ಮುರಿಯೋದೇ ಮೇಲು."

ಒಂದು ಹಿಡಿ ಕೆಮ್ಮಣ್ಣು ತೆಗೆದು ಮಗಳ ಹಣೆಗೆ ಹಚ್ಚಿದರು.

"ಇನ್ಮೇಲೆ ನಿನ್ನ ಉಸ್ತಾದ್ ನಾನು ಕಣವ್ವ. ಫೋನಲ್ಲಿ ಆಡು, ಬೇಡ ಅನ್ನಲ್ಲ... ಆದ್ರೆ ಜೋಡಿ ಯಾರು ಅಂತ ನನಗೆ ಹೇಳಿ ಆಡು."

ಇನ್ನೂ ನೆಟ್ಟಗಾಗದ ಬೆರಳುಗಳಿಂದ ಅವಳು ಅಪ್ಪನ ಕಾಲು ಮುಟ್ಟಿದಳು... ಗರಡಿಯ ಹುಡುಗರೆಲ್ಲ ಕಣ್ಣೊರೆಸಿಕೊಂಡರು.

*

ನಾವು ಮಕ್ಕಳನ್ನು ಹೊರಗೆ ನಿಲ್ಲಿಸಿದರೆ, ಒಳಗೆ ಕರೆಯುವ ಅಪರಿಚಿತರು ಫೋನಿನಲ್ಲಿ ಕಾಯುತ್ತಿರುತ್ತಾರೆ.

ಪಕ್ಕದ ರೂಮಿನಲ್ಲಿ ನಿಮ್ಮ ಮಗು ಈಗ ಯಾರ ಜೊತೆ ಆಡುತ್ತಿದೆ... ಆ ಜೋಡಿ ಕಟ್ಟಿದವರು ಯಾರು ಎಂದು ಒಮ್ಮೆಯಾದರೂ ಕೇಳಿದ್ದೀರಾ?