ನಾಲ್ಕು ಹೆಜ್ಜೆ

ಮೆಟ್ಟಿಲು ಹತ್ತುತ್ತ ಭಾವ ಮೂರನೇ ಸಲ ನಿಂತರು. "ಇಲ್ಲಿಂದ ನೋಡು ಮಾರಾಯ, ಇಡೀ ಮೈದಾನ ಅಂಗೈ ಮೇಲಿಟ್ಟ ಹಾಗೆ ಕಾಣ್ಸುತ್ತೆ," ಎಂದು ಕಂಬಿ ಹಿಡಿದುಕೊಂಡೇ ಕೆಳಗೆ ಕೈ ತೋರಿಸಿದರು. ಎರಡು ಮೆಟ್ಟಿಲು ಹಿಂದಿದ್ದ ದಲ್ಲಾಳಿ ಮೈದಾನ ನೋಡಲಿಲ್ಲ, ಭಾವನ ಕಾಲು ನೋಡಿದ. ಪ್ರತಿ ಮೆಟ್ಟಿಲಿಗೂ ಬಲಗಾಲೇ ಮುಂದು. ಎಡಗಾಲು ಹಿಂದಿನಿಂದ ಬಂದು ಅದರ ಪಕ್ಕ ಸೇರಿಕೊಳ್ಳುತ್ತಿತ್ತು, ಕರೆಯದೆ ಬಂದ ನೆಂಟನ ಹಾಗೆ.

ದಲ್ಲಾಳಿ ಮೂವತ್ತು ವರ್ಷ ದನದ ಸಂತೆಯಲ್ಲಿ ಎತ್ತು ಕೊಡಿಸಿದವನು. ಕೊಳ್ಳುವವರಿಗೆ ಅವನು ಹೇಳುತ್ತಿದ್ದುದು ಒಂದೇ ಮಾತು: "ಮುಖ ನೋಡಿ ಮರುಳಾಗ್ಬೇಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ." ಈಗ ಹಾಲಿನ ಸಂಘದವರ ಜೊತೆ ಇಲ್ಲಿನ ಕೊಟ್ಟಿಗೆಗಳನ್ನು ನೋಡಲೆಂದು ಈ ದೇಶಕ್ಕೆ ಬಂದಿದ್ದ. ಬಿಡುವು ಇದ್ದದ್ದು ಈ ಒಂದು ಭಾನುವಾರ. ಹೊರಡುವಾಗ ಅಕ್ಕ ಹೇಳಿದ್ದಳು, "ಅವ್ರನ್ನ ಕಣ್ಣಾರೆ ನೋಡ್ಕೊಂಡು ಬಾರೋ. ಮೂರು ವರ್ಷದಿಂದ ಫೋನಲ್ಲಿ ಬರೀ ಮುಖ ನೋಡಿದ್ದೇ ಆಯ್ತು." ಭಾವನಿಗೆ ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಳಿಸುವ ಕೆಲಸ. ಭಾಮೈದ ಬರುತ್ತಾನೆಂದು ಫುಟ್‌ಬಾಲ್ ಪಂದ್ಯಕ್ಕೆ ಎರಡು ಟಿಕೆಟ್ ತೆಗೆದು, ತಮ್ಮ ತಂಡದ ಬಣ್ಣದ ಮಫ್ಲರ್ ಒಂದನ್ನು ಅವನ ಕೊರಳಿಗೂ ಸುತ್ತಿದ್ದರು.

ಆಟ ಶುರುವಾಯಿತು. ಭಾವ ಕೂಗಿದ್ದೇ ಕೂಗಿದ್ದು. ದಲ್ಲಾಳಿಗೆ ಚೆಂಡು ಎಲ್ಲಿ ಹೋಯಿತು, ಯಾಕೆ ಸೀಟಿ ಊದಿದರು ಒಂದೂ ತಲೆಗೆ ಹತ್ತಲಿಲ್ಲ. ಅವನ ಕಣ್ಣು ಹುಲ್ಲಿನ ಮೇಲೆ ಓಡಾಡುತ್ತಿದ್ದ ಕಾಲುಗಳಿಗೆ ಅಂಟಿಕೊಂಡಿತ್ತು.

"ಭಾವ, ಆ ಹತ್ತನೇ ನಂಬರಿನವನನ್ನ ಯಾಕೆ ಆಟಕ್ಕೆ ಇಳಿಸಿದ್ದಾರೆ? ಎಡಗಾಲು ನೋವಿದೆ ಅವನಿಗೆ."

"ಅವನಾ? ಅವನೇ ಕಣೋ ನಮ್ಮ ತಂಡದ ಜೀವ! ದನ ನೋಡೀ ನೋಡೀ ನಿಂಗೆ ಮನುಷ್ಯರೂ ಹಾಗೇ ಕಾಣ್ತಾರೆ. ಹಲ್ಲೂ ಎಣಿಸ್ಬಿಡು ಇನ್ನು."

"ನಿಂತಾಗ ಎಡಗಾಲಿನ ತುದಿ ಮಾತ್ರ ಊರ್ತಾನೆ. ತಿರುಗಿದ್ರೆ ಎಡಕ್ಕೇ. ಬಲಕ್ಕೆ ತಿರುಗ್ಬೇಕಾದ್ರೆ ಎಡಗಾಲಿನ ಮೇಲೆ ಭಾರ ಬಿಡ್ಬೇಕಲ್ಲ. ಬಿಟ್ಟ ಗಳಿಗೆ ಕೂತ್ಕೋತಾನೆ ನೋಡ್ತಿರಿ."

"ಸುಮ್ನಿರಪ್ಪ, ನಿನ್ನ ನಾಲಿಗೇಲಿ ಮಚ್ಚೆ ಇದೆ," ಎಂದು ಭಾವ ಮುಖ ತಿರುಗಿಸಿದರು.

ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಎದುರಾಳಿಗಳು ಎಡಗಡೆ ದಾರಿ ಕಟ್ಟಿದರು. ಹತ್ತನೇ ನಂಬರಿನವನು ವಿಧಿಯಿಲ್ಲದೆ ಬಲಕ್ಕೆ ತಿರುಗಿದ; ಯಾರೂ ಮುಟ್ಟದೆಯೇ ಕುಸಿದು ಕೂತ. ಇಬ್ಬರು ಹೆಗಲು ಕೊಟ್ಟು ಹೊರಗೆ ಕರೆದೊಯ್ದರು. ಮೈದಾನದ ಪಕ್ಕದ ಬೆಂಚಿನಿಂದ ಎದ್ದ ಒಬ್ಬ ಕೋಟು ಕಳಚಿ ಎಸೆದು ಒಳಗೆ ಓಡಿದ. ಜನ ಅವನಿಗೂ ಚಪ್ಪಾಳೆ ತಟ್ಟಿದರು.

"ಮೊದ್ಲೇ ಹೇಳ್ಬಾರ್ದಿತ್ತಾ ಪಾಪ?" ಎಂದ ದಲ್ಲಾಳಿ.

ಭಾವ ಬೆಂಚನ್ನೇ ನೋಡುತ್ತಿದ್ದರು. "ಹೇಳೋದು ಅಷ್ಟು ಸುಲಭಾನಾ? ಇನ್ನೊಬ್ಬನಿಗೆ ಕೋಟು ಬಿಚ್ಚೋಕೆ ಎಷ್ಟು ಹೊತ್ತು ಹಿಡೀತು, ನೋಡ್ದೆಯಲ್ಲ."

"ನಿಮ್ಮ ಗೋದಾಮಲ್ಲಿ ಆ ಥರ ಎಷ್ಟು ಜನ ಕಾಯ್ತಾ ಕೂತಿದಾರೆ ಭಾವ?"

ಭಾವ ಕೊರಳಿನ ಮಫ್ಲರ್ ತೆಗೆದು ಚಳಿಗೆಂಬಂತೆ ಎಡ ಮೊಣಕಾಲಿನ ಮೇಲೆ ಹಾಸಿಕೊಂಡರು. ದಲ್ಲಾಳಿ ಅದರ ಅಡಿಯಲ್ಲಿ ಕೈಯಿಟ್ಟ. ಪ್ಯಾಂಟಿನ ದಪ್ಪ ಬಟ್ಟೆಯ ಮೇಲೂ ಕಾವು ಗೊತ್ತಾಗುತ್ತಿತ್ತು. ಒಂದು ಕಡೆ ಬೆರಳೊತ್ತಿದ್ದಕ್ಕೆ ಭಾವ ತುಟಿ ಕಚ್ಚಿದರು.

"ಎಂಟು ತಿಂಗಳಾಯ್ತು. ಪೆಟ್ಟಿಗೆ ಜಾರಿ ಬಿತ್ತು. ಸೂಪರ್‌ವೈಸರ್‌ಗೆ ಹೇಳಿಲ್ಲ. ಇನ್ನೈದು ತಿಂಗಳು ತಳ್ಳಿದ್ರೆ ಇಲ್ಲೇ ಖಾಯಂ ನೆಲೆಸೋಕೆ ಬಿಡೋ ಕಾಗದ ಕೈಗೆ ಬರುತ್ತೆ. ಅವಳನ್ನೂ ಮಗಳನ್ನೂ ಕರೆಸ್ಕೋಬಹುದು."

"ಐದು ತಿಂಗಳು ಈ ಕಾಲು ಬರಲ್ಲ ಭಾವ."

"ಬರುತ್ತೆ. ನಿಮ್ಮಕ್ಕಂಗೆ ಹೇಳ್ಬೇಡ, ದಮ್ಮಯ್ಯ. ಗೊತ್ತಾದ್ರೆ ನಾಳೇನೇ ಎಲ್ಲಾ ಬಿಟ್ಟು ಬನ್ನಿ ಅಂತಾಳೆ."

ದಲ್ಲಾಳಿ ತನ್ನ ದಂಧೆಯಲ್ಲಿ ಒಂದೇ ಒಂದು ಸಲ, ಸ್ನೇಹಿತನೊಬ್ಬನ ದಾಕ್ಷಿಣ್ಯಕ್ಕೆ, ಎತ್ತೊಂದರ ಕುಂಟು ಕಂಡೂ ಕಾಣದವನಂತೆ ಇದ್ದುಬಿಟ್ಟಿದ್ದ. ಆ ಎತ್ತು ಮೊದಲ ಉಳುಮೆಗೇ ನೊಗದಡಿ ಕೂತಿತು, ಮತ್ತೆ ಏಳಲಿಲ್ಲ.

"ಆಯ್ತು," ಎಂದ ಕೊನೆಗೆ. "ನನ್ನ ಬಾಯಿಂದ ಒಂದು ಮಾತೂ ಬರಲ್ಲ."

ಪಂದ್ಯ ಮುಗಿಯಿತು. ಹತ್ತನೇ ನಂಬರಿನವನಿಲ್ಲದೆಯೂ ಭಾವನ ತಂಡ ಗೆದ್ದಿತ್ತು. ಇಳಿಯಲೆಂದು ಮೆಟ್ಟಿಲ ಬಾಯಿಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಭಾವ ನಿಂತು, ತಲೆಗೂದಲು ಸರಿಮಾಡಿಕೊಂಡು, ಫೋನನ್ನು ಮುಖದ ಎದುರು ಹಿಡಿದರು. "ಗೆದ್ವಿ ಕಣೇ! ನಿನ್ನ ತಮ್ಮ ಬಂದ ಕಾಲ್ಗುಣ! ನಾನಾ? ಗುಂಡುಕಲ್ಲಿನ ಹಾಗಿದೀನಿ. ಬೇಕಾದ್ರೆ ಅವನನ್ನೇ ಕೇಳು." ನಗುತ್ತ ಫೋನನ್ನು ಭಾಮೈದನ ಕೈಗೆ ದಾಟಿಸಿದರು.

ಪರದೆಯಲ್ಲಿ ಅಕ್ಕನ ಮುಖ ಹತ್ತಿರ ಬಂತು. "ನೀನು ಹೇಳೋ. ಹೇಗಿದಾರೆ ಇವ್ರು?"

ದಲ್ಲಾಳಿ ಬದಿಯಿಂದ ನುಸುಳಿ ಐದಾರು ಮೆಟ್ಟಿಲು ಕೆಳಗಿಳಿದ. ಫೋನನ್ನು ಹಿಂದುಮುಂದಾಗಿ ತಿರುಗಿಸಿ, ಬಾಗಿ, ಭಾವನ ಮೊಣಕಾಲಿನ ಮಟ್ಟಕ್ಕೆ ಹಿಡಿದ. ಭಾವನ ಬೆನ್ನ ಹಿಂದೆ ಇಳಿಯಬೇಕಾದ ಜನ ಒತ್ತಿಕೊಂಡು ನಿಂತಿದ್ದರು.

"ಭಾವ," ಎಂದ, "ನಾಲ್ಕು ಹೆಜ್ಜೆ ನಡೀರಿ."