ಅಕ್ಕ ಬರೆದ ಆಟ

ಬಿಸಿಯಾದ ಕಂಪ್ಯೂಟರಿನ ಧೂಳಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಸುರಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಕಾಲುವೆ ನೀರಿಗೆ ಬೆಳೆದ ಭತ್ತ ಮಾರಿ ಅಪ್ಪ ಹಳೆಯದೊಂದು ಕಂಪ್ಯೂಟರ್ ತಂದಿದ್ದರು. ಅಕ್ಕ ಅದರಲ್ಲಿ ನಮ್ಮೂರಿನ ಹಿಂದಿನ ಕಾಲಗಳಿಗೆ ಹೋಗಿಬರುವ ಆಟ ಬರೆದಿದ್ದಳು. ಚಿತ್ರಗಳಿರಲಿಲ್ಲ; ಏನು ಮಾಡಬೇಕೆಂದು ನಾವೇ ಟೈಪ್ ಮಾಡಬೇಕಿತ್ತು.

ನಾನು ರಜಾಕಾರರ ದಂಡು ಊರೂರಿಗೆ ನುಗ್ಗಿ ಸುಲಿಯುತ್ತಿದ್ದ ಕಾಲಕ್ಕೆ ಹೋದೆ. ಯಾರೋ ಬಾಗಿಲು ಬಡಿಯುತ್ತಿದ್ದರು. ‘ಬಾಗಿಲು ತೆಗೆ’ ಎಂದು ಬರೆದೆ. ‘ನೀನು ಸತ್ತೆ’ ಎಂದು ಬಂತು. ಜೋರಾಗಿ ಓದಿ ನಕ್ಕೆ.

ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

"ಅಷ್ಟು ಲಗೂನ ಜೀವ ಹೋಗೂದಿಲ್ಲವ್ವ. ನಮ್ಮಣ್ಣಗ ಕೊಡ್ಲಿಲೆ ಹೊಟ್ಟಿಗಿ ಹೊಡದ್ರು. ಹೊಸ್ತಿಲದ ಮ್ಯಾಲ ಬಿದ್ದು, ಹೊತ್ತು ಮುಳುಗೂತನಕ ನೀರು ನೀರು ಅಂದ. ಅವ್ರು ಅಲ್ಲೇ ಕಟ್ಟಿಮ್ಯಾಲ ಕುಂತಿದ್ರು. ನಾ ಜ್ವಾಳದ ಚೀಲದ ಹಿಂದ ಅಡಗಿದ್ದೆ."

ಪಕ್ಕದಲ್ಲಿ ಕೂತಿದ್ದ ಅಕ್ಕ ಪರದೆಯಿಂದ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಎದ್ದು ಬಂದು ನನ್ನ ಹೆಗಲು ಹಿಡಿದಳು. ಬೆರಳುಗಳು ಚುಚ್ಚುತ್ತಿದ್ದವು.

"ನೀರು ಕೊಡು ಅಂತ ಬರಿ."

ಬರೆದೆ. ‘ಈ ಮಾತು ನನಗೆ ಗೊತ್ತಿಲ್ಲ’ ಎಂದಿತು ಕಂಪ್ಯೂಟರ್.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. "ಏನಂತೈತಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು:

"ಕುಡದಾನಂತ, ಅಜ್ಜಿ."